ಸುಮ್ಮನಿರುವ ಪ್ರೊಸೆಸರ್ ಮತ್ತು ಅಲನ್ ಟ್ಯೂರಿಂಗ್

ಮಾಯಕೊಂಡದ ಜೆರಾಕ್ಸ್ ಅಂಗಡಿಯಾಗಲಿ, ದಾವಣಗೆರೆಯ ಕಾಲೇಜು ಲ್ಯಾಬ್ ಆಗಲಿ, ವಿಂಡೋಸ್ ಕಂಪ್ಯೂಟರಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ವಿವರಗಳ ಪಟ್ಟಿ ನೋಡಿದರೆ ಸಿಸ್ಟಮ್ ಐಡಲ್ ಪ್ರೊಸೆಸ್ ಎಂಬ ಸಾಲು ಸಿಗುತ್ತದೆ. ಅದರ ಎದುರು 90 ಅಥವಾ 95 ಎಂಬ ಅಂಕಿ. ಪ್ರೊಸೆಸರನ್ನೆಲ್ಲ ಇದೇ ತಿನ್ನುತ್ತಿದೆ, ವೈರಸ್ ಇರಬೇಕು ಎಂದು ಗಾಬರಿಯಾಗುವವರು ಈಗಲೂ ಇದ್ದಾರೆ. ನಿಜ ಇದಕ್ಕೆ ತಿರುಗುಮುರುಗು. ಶೇಕಡಾ 95ರಷ್ಟು ಸಮಯ ಪ್ರೊಸೆಸರಿಗೆ ಕೆಲಸವೇ ಇರಲಿಲ್ಲ ಎಂಬುದಷ್ಟೇ ಅದರ ಅರ್ಥ. ಆ ಹೊತ್ತಿನಲ್ಲಿ ಪ್ರೊಸೆಸರ್ ಬಹುಪಾಲು ನಿಂತೇ ಇರುತ್ತದೆ.

ಯಂತ್ರವೊಂದು ನಿಲ್ಲುತ್ತದೋ ಇಲ್ಲವೋ ಎಂಬುದನ್ನು ಗಣಿತದ ಪ್ರಶ್ನೆಯಾಗಿ ಮೊದಲು ಎತ್ತಿಕೊಂಡವರಲ್ಲಿ ಮುಖ್ಯರು ಅಲನ್ ಟ್ಯೂರಿಂಗ್. ಅವರ ಮನೆತನದ ಕಥೆ ನಮ್ಮ ಸೀಮೆಯನ್ನೂ ಮುಟ್ಟಿ ಹೋಗುತ್ತದೆ.

ಟ್ಯೂರಿಂಗ್ ಅವರ ತಂದೆ ಜೂಲಿಯಸ್ ಇಂಡಿಯನ್ ಸಿವಿಲ್ ಸರ್ವೀಸಿನ ಅಧಿಕಾರಿ. ಮದ್ರಾಸ್ ಪ್ರಾಂತ್ಯದಲ್ಲಿದ್ದ ಅವರು ವೃತ್ತಿಯ ಆರಂಭದ ವರ್ಷಗಳಲ್ಲಿ ಬಳ್ಳಾರಿ ಜಿಲ್ಲೆಯಲ್ಲೂ ಕೆಲಸ ಮಾಡಿದರು. 1997ರಿಂದ 2018ರವರೆಗೆ ದಾವಣಗೆರೆ ಜಿಲ್ಲೆಗೆ ಸೇರಿದ್ದ ಹರಪನಹಳ್ಳಿ ಆ ಕಾಲದಲ್ಲಿ ಬಳ್ಳಾರಿಯ ಭಾಗವೇ ಆಗಿತ್ತು. ತಾಯಿ ಎಥೆಲ್ ಸಾರಾ ಅವರ ತಂದೆ ಎಡ್ವರ್ಡ್ ಸ್ಟೋನಿ ಮದ್ರಾಸ್ ರೈಲ್ವೆಯ ಮುಖ್ಯ ಎಂಜಿನಿಯರ್. ಹರಿಹರವನ್ನು ದಾಟಿ ಮುಂದೆ ಹರಿಯುವ ತುಂಗಭದ್ರೆಗೆ ಕೆಳಹರಿವಿನಲ್ಲಿ ರೈಲು ಸೇತುವೆ ಕಟ್ಟಿದ್ದು ಅವರ ಹೆಸರುವಾಸಿ ಕೆಲಸ. ಸದ್ದು ಮಾಡದೆ ತಿರುಗುವ ಪಂಖದ ಚಕ್ರವೊಂದಕ್ಕೆ ಪೇಟೆಂಟ್ ಪಡೆದಿದ್ದರು ಕೂಡ. ಮೊಮ್ಮಗನಿಗೆ ಯಂತ್ರದ ಹುಚ್ಚು ಎಲ್ಲಿಂದ ಬಂತು ಎಂದು ಹುಡುಕುವವರಿಗೆ ಇದೊಂದು ಸುಳಿವು, ಅಷ್ಟೇ.

ಅಲನ್ ಹುಟ್ಟಿದ್ದು ಲಂಡನ್ನಿನಲ್ಲಿ, 1912ರ ಜೂನ್ 23ರಂದು. ತಂದೆ ತಾಯಿ ಭಾರತಕ್ಕೆ ಮರಳಿದಾಗ ಅವರನ್ನೂ ಅಣ್ಣನನ್ನೂ ಇಂಗ್ಲೆಂಡಿನಲ್ಲೇ ಬೇರೊಂದು ಕುಟುಂಬದ ಬಳಿ ಬಿಟ್ಟರು. ಮುಂದೆ ಓದಿದ್ದು ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜಿನಲ್ಲಿ. 1936ರಲ್ಲಿ, ಇನ್ನೂ 24 ತುಂಬುವ ಹೊತ್ತಿಗೆ, ಕಾಗದದ ಮೇಲಷ್ಟೇ ಇದ್ದ ಯಂತ್ರವೊಂದನ್ನು ಕಲ್ಪಿಸಿ ಪ್ರಬಂಧ ಬರೆದರು. ಉದ್ದನೆಯ ಪಟ್ಟಿಯ ಮೇಲೆ ಒಂದೊಂದೇ ಚಿಹ್ನೆ ಓದುತ್ತ, ಬರೆಯುತ್ತ, ಅಳಿಸುತ್ತ ಸಾಗುವ ಯಂತ್ರ ಅದು. ಇಂದಿನ ಕಂಪ್ಯೂಟರುಗಳೆಲ್ಲ ತತ್ತ್ವದಲ್ಲಿ ಅದರ ವಂಶದವೇ. ತಮಾಷೆಯೆಂದರೆ ಆ ಪ್ರಬಂಧದಲ್ಲಿ ಒಳ್ಳೆಯ ಯಂತ್ರವೆಂದರೆ ಎಂದೂ ನಿಲ್ಲದೆ ಅಂಕಿಗಳನ್ನು ಬರೆಯುತ್ತಲೇ ಹೋಗುವ ಯಂತ್ರ. ನಡುವೆ ಸಿಕ್ಕಿಹಾಕಿಕೊಂಡರೆ ಅದು ಕೆಟ್ಟದ್ದು. ಯಾವ ಯಂತ್ರ ಹೀಗೆ ಸಿಕ್ಕಿಬೀಳುತ್ತದೆ ಎಂದು ಮುಂಚಿತವಾಗಿ ಹೇಳಬಲ್ಲ, ಎಲ್ಲ ಯಂತ್ರಗಳಿಗೂ ಸಲ್ಲುವ ಒಂದೇ ವಿಧಾನ ಇರಲಾರದು ಎಂದು ಅವರು ಸಾಧಿಸಿದರು. ಇಂದು ಇದನ್ನೇ ಸ್ವಲ್ಪ ಬೇರೆ ರೂಪದಲ್ಲಿ ಹಾಲ್ಟಿಂಗ್ ಸಮಸ್ಯೆ ಎಂದು ಪಾಠ ಮಾಡುತ್ತಾರೆ. ಆ ಹೆಸರು ಮಾತ್ರ ಅವರದಲ್ಲ, ನಂತರ ಬಂದದ್ದು.

ಯುದ್ಧ ಬಂತು. 1939ರ ಸೆಪ್ಟೆಂಬರ್ 4ರಂದು ಟ್ಯೂರಿಂಗ್ ಬ್ಲೆಚ್ಲಿ ಪಾರ್ಕ್ ಸೇರಿ, ಜರ್ಮನರ ಎನಿಗ್ಮಾ ಸಂಕೇತಗಳನ್ನು ಒಡೆಯಲು ಬಾಂಬ್ ಎಂಬ ಯಂತ್ರವನ್ನು ರೂಪಿಸಿದರು. ಪೋಲೆಂಡಿನ ಗಣಿತಜ್ಞರು ಮೊದಲೇ ಮಾಡಿದ್ದ ಕೆಲಸ ಅದರ ಹಿಂದಿತ್ತು. ಈ ಯಂತ್ರದಲ್ಲಿ ನಿಲ್ಲುವುದೇ ಉತ್ತರ. ಚಕ್ರಗಳು ತಿರುಗುತ್ತ ಒಂದೊಂದೇ ಜೋಡಣೆಯನ್ನು ತಳ್ಳಿಹಾಕುತ್ತಿದ್ದವು. ಹೊಂದಬಹುದಾದ ಜೋಡಣೆ ಸಿಕ್ಕ ತಕ್ಷಣ ಯಂತ್ರ ನಿಲ್ಲುತ್ತಿತ್ತು, ನಿರ್ವಾಹಕಿ ಎದ್ದು ಬರೆದುಕೊಳ್ಳುತ್ತಿದ್ದಳು.

ಯುದ್ಧ ಮುಗಿದ ಮೇಲೆ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯಲ್ಲಿ ಏಸ್ ಎಂಬ ನಿಜವಾದ ಕಂಪ್ಯೂಟರಿನ ವಿನ್ಯಾಸ ಮಾಡಿದರು. ಅದರ ನೆನಪಿನ ಕೋಶಗಳು ಪಾದರಸ ತುಂಬಿದ ಕೊಳವೆಗಳು. ಕೊಳವೆಯೊಳಗೆ ಶಬ್ದದ ಅಲೆಗಳಾಗಿ ಸುತ್ತುತ್ತಿದ್ದ ಮಾಹಿತಿ ಒಂದು ಸುತ್ತು ಬರಲು ಸುಮಾರು 1 ಮಿಲಿಸೆಕೆಂಡ್ ಬೇಕು. ಬೇಕಾದ ಸೂಚನೆ ಆಗಷ್ಟೇ ದಾಟಿ ಹೋಗಿದ್ದರೆ ಇಡೀ ಸುತ್ತು ಕಾಯಬೇಕು. ಈ ಕಾಯುವಿಕೆ ಟ್ಯೂರಿಂಗ್ ಅವರಿಗೆ ಸಹಿಸದ ಸಂಗತಿ. ಸರಿಯಾದ ಕ್ಷಣಕ್ಕೆ ಕೊಳವೆಯ ಬಾಯಿಗೆ ಬರುವಂತೆ ಸೂಚನೆಗಳನ್ನು ಜೋಡಿಸುವ ಉಪಾಯ ಅವರ ವಿನ್ಯಾಸದ ಜೀವಾಳ. ಚಿಕ್ಕ ರೂಪದ ಪೈಲಟ್ ಏಸ್ 1950ರ ಮೇ 10ರಂದು ಓಡಿತು. ಆ ವೇಳೆಗೆ ಅವರು ಮ್ಯಾಂಚೆಸ್ಟರಿಗೆ ಹೋಗಿಯಾಗಿತ್ತು.

ಆ ಕಾಲದ ಯಂತ್ರಗಳಿಗೆ ನಿದ್ರೆ ಗೊತ್ತಿರಲಿಲ್ಲ. ವಾಲ್ವುಗಳ ತಂತಿ ಸದಾ ಕಾದಿರಬೇಕು. ಆರಿಸಿ ಹಚ್ಚುವಾಗಲೇ ಅವು ಹೆಚ್ಚಾಗಿ ಸುಡುತ್ತಿದ್ದವು. ಪರ್ಸನಲ್ ಕಂಪ್ಯೂಟರ್ ಬಂದ ಮೇಲೂ, ಡಾಸ್ ಕಾಲದಲ್ಲಿ, ಕೀಲಿ ಒತ್ತಿದರೇ ಎಂದು ಪ್ರೊಸೆಸರ್ ಬಿಡುವಿಲ್ಲದೆ ಕೇಳುತ್ತಲೇ ಇರುತ್ತಿತ್ತು. 1978ರ ಇಂಟೆಲ್ 8086 ಚಿಪ್ಪಿನಲ್ಲೇ ಹಾಲ್ಟ್ ಎಂಬ ಸೂಚನೆ ಇತ್ತು: ಹೊರಗಿನಿಂದ ಕರೆ ಬರುವವರೆಗೆ ನಿಲ್ಲು ಎಂದು ಅದರ ಅರ್ಥ. ಅದನ್ನು ವಿದ್ಯುತ್ ಉಳಿಸಲು ಬಳಸುವುದು ರೂಢಿಯಾದದ್ದು ಬಹಳ ತಡವಾಗಿ.

ಇಂದಿನ ಪ್ರೊಸೆಸರಿಗೆ ನಿದ್ರೆಯಲ್ಲೂ ಮಟ್ಟಗಳಿವೆ. ಸಂತೆಯಿಲ್ಲದ ದಿನದ ಅಂಗಡಿಯವರನ್ನು ನೆನೆಸಿಕೊಳ್ಳಿ. ಗಿರಾಕಿ ಈಗಲೇ ಬಂದಾರು ಎನಿಸಿದರೆ ಗಲ್ಲಾದ ಮುಂದೆಯೇ ಕಣ್ಣು ಮುಚ್ಚುತ್ತಾರೆ. ಮಧ್ಯಾಹ್ನ ಯಾರೂ ಬರುವುದಿಲ್ಲ ಎನಿಸಿದರೆ ಶಟರ್ ಎಳೆದು ಊಟಕ್ಕೆ ಹೋಗುತ್ತಾರೆ. ಸಿ1 ಎಂಬ ಹಗುರ ಸ್ಥಿತಿಯಲ್ಲಿ ಕೋರಿನ ಗಡಿಯಾರದ ಮಿಡಿತ ಮಾತ್ರ ನಿಲ್ಲುತ್ತದೆ, ಒಂದೆರಡು ಮೈಕ್ರೋಸೆಕೆಂಡಿನಲ್ಲಿ ಎಚ್ಚರ. ಸಿ6ರಲ್ಲಿ ಕೋರ್ ತನ್ನ ಲೆಕ್ಕಪತ್ರವನ್ನು ಬೇರೆಡೆ ಬರೆದಿಟ್ಟು ವಿದ್ಯುತ್ತನ್ನೇ ಕಡಿದುಕೊಳ್ಳುತ್ತದೆ, ಏಳಲು ಹತ್ತಾರು ಮೈಕ್ರೋಸೆಕೆಂಡ್ ಹಿಡಿಯುತ್ತದೆ. ಆಳಕ್ಕೆ ಇಳಿಯುವುದಕ್ಕೂ ಏಳುವುದಕ್ಕೂ ವಿದ್ಯುತ್ ಖರ್ಚಿದೆ. ಇಳಿದ ಮರುಕ್ಷಣವೇ ಏಳಬೇಕಾಗಿ ಬಂದರೆ ಉಳಿತಾಯದ ಬದಲು ನಷ್ಟ.

ಹಾಗಾಗಿ ಕಾರ್ಯಾಚರಣಾ ವ್ಯವಸ್ಥೆ ಪ್ರತಿ ಸಲವೂ ಅಂದಾಜು ಮಾಡಬೇಕು: ಈ ಬಿಡುವು ಎಷ್ಟು ಉದ್ದ? ಲಿನಕ್ಸಿನಲ್ಲಿ ಇದಕ್ಕೆಂದೇ ಒಂದು ಭಾಗವಿದೆ. ಮುಂದಿನ ಟೈಮರ್ ಯಾವಾಗ ಬಡಿಯುತ್ತದೆ ಎಂಬುದು ಅದಕ್ಕೆ ಗೊತ್ತು. ನೀವು ಯಾವಾಗ ಕೀಲಿ ಒತ್ತುತ್ತೀರಿ, ನೆಟ್‌ವರ್ಕಿನಿಂದ ಸಂದೇಶ ಯಾವಾಗ ಬರುತ್ತದೆ ಎಂಬುದು ಗೊತ್ತಿಲ್ಲ. ಹಿಂದಿನ ಬಿಡುವುಗಳನ್ನು ನೋಡಿ ಊಹಿಸುತ್ತದೆ, ಆಗಾಗ ತಪ್ಪುತ್ತದೆ. ಇದನ್ನು ಟ್ಯೂರಿಂಗ್ ಪ್ರಮೇಯದ ನೇರ ಫಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಇಲ್ಲಿನ ಅನಿಶ್ಚಿತತೆ ಹೊರಗಿನ ಜಗತ್ತಿನದು, ಗಣಿತದ್ದಲ್ಲ. ಮೊದಲೆಲ್ಲ ಲಿನಕ್ಸಿನ ಗಡಿಯಾರ ಕೆಲಸವಿಲ್ಲದಿದ್ದರೂ ಸೆಕೆಂಡಿಗೆ 100ರಿಂದ 1000 ಬಾರಿ ಪ್ರೊಸೆಸರನ್ನು ತಟ್ಟಿ ಎಬ್ಬಿಸುತ್ತಿತ್ತು. 2007ರಲ್ಲಿ ಆ ತಟ್ಟುವಿಕೆಯನ್ನು ಬಿಡುವಿನಲ್ಲಿ ನಿಲ್ಲಿಸುವ ಬದಲಾವಣೆ ಬಂತು. ಕೆಲಸದಲ್ಲಿ 15 ವ್ಯಾಟ್ ಎಳೆಯುವ ಲ್ಯಾಪ್‌ಟಾಪ್ ಚಿಪ್ ಆಳ ನಿದ್ರೆಯಲ್ಲಿ 1 ವ್ಯಾಟ್‌ಗಿಂತ ಕಡಿಮೆಗೆ ಇಳಿಯಬಲ್ಲದು. ಕರೆಂಟ್ ಹೋದಾಗ ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೆ ಎಂಬುದರಲ್ಲಿ ಇದರ ಪಾಲು ದೊಡ್ಡದು.

ಇದಾವುದನ್ನೂ ನೋಡಲು ಟ್ಯೂರಿಂಗ್ ಇರಲಿಲ್ಲ. 1952ರಲ್ಲಿ ಪುರುಷನೊಬ್ಬನೊಂದಿಗಿನ ಸಂಬಂಧಕ್ಕಾಗಿ ಅವರ ಮೇಲೆ ಮೊಕದ್ದಮೆ ನಡೆಯಿತು. ಜೈಲಿನ ಬದಲು ಒಂದು ವರ್ಷದ ಹಾರ್ಮೋನ್ ಚಿಕಿತ್ಸೆಗೆ ಒಪ್ಪಿಕೊಂಡರು. 1954ರ ಜೂನ್ 7ರಂದು, 41ನೇ ವಯಸ್ಸಿನಲ್ಲಿ, ಸಯನೈಡ್ ವಿಷದಿಂದ ತೀರಿಕೊಂಡರು. ವಿಚಾರಣೆ ಆತ್ಮಹತ್ಯೆ ಎಂದಿತು. ತಾಯಿ ಕೊನೆಯವರೆಗೂ ಆಕಸ್ಮಿಕ ಎಂದೇ ನಂಬಿದ್ದರು, ಮನೆಯಲ್ಲಿ ಆ ರಾಸಾಯನಿಕದ ಪ್ರಯೋಗ ನಡೆಯುತ್ತಿದ್ದುದು ನಿಜ. ಹಾಸಿಗೆಯ ಪಕ್ಕದಲ್ಲಿದ್ದ ಅರ್ಧ ತಿಂದ ಸೇಬನ್ನು ಯಾರೂ ಪರೀಕ್ಷಿಸಲೇ ಇಲ್ಲ. ಆಪಲ್ ಕಂಪನಿಯ ಲಾಂಛನ ಆ ಸೇಬಿನಿಂದ ಬಂತು ಎಂಬ ವಾಟ್ಸಾಪ್ ಕಥೆಯೂ ಸುಳ್ಳು. ಅದನ್ನು ಬರೆದ ಕಲಾವಿದರೇ ಅಲ್ಲಗಳೆದಿದ್ದಾರೆ. ಬ್ರಿಟನ್ ಅವರಿಗೆ ರಾಜಕ್ಷಮೆ ಕೊಟ್ಟಿದ್ದು 2013ರ ಡಿಸೆಂಬರ್ 24ರಂದು. ಅವರ ತಂದೆ ಇಲ್ಲಿ ಅಧಿಕಾರಿಯಾಗಿದ್ದಾಗಲೂ ಜಾರಿಯಲ್ಲಿದ್ದ ಅದೇ ಬಗೆಯ ಕಾನೂನು, ಐಪಿಸಿ 377, ವಯಸ್ಕರ ಸಮ್ಮತಿಯ ಸಂಬಂಧಕ್ಕೆ ಅನ್ವಯಿಸದು ಎಂದು ನಮ್ಮ ಸುಪ್ರೀಂ ಕೋರ್ಟ್ ತೀರ್ಪಿತ್ತದ್ದು 2018ರ ಸೆಪ್ಟೆಂಬರ್ 6ರಂದು.