ಒಂದೇ ಪಂಕ್ತಿಗಾಗಿ ದುಡಿದ ಬಿಷಪ್ ಅಜರಯ್ಯ

ತುಂಗಭದ್ರೆಯ ದಡದಲ್ಲಿರುವ ನಮ್ಮ ನಾಗಲದಿನ್ನೆಯ ಸೀಮೆಯಲ್ಲಿ ಕನ್ನಡವೂ ತೆಲುಗೂ ಒಂದೇ ಅಂಗಳದಲ್ಲಿ ಆಡಿ ಬೆಳೆದಿವೆ. 1953ರವರೆಗೆ ಆದವಾನಿ ತಾಲ್ಲೂಕು ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಎರಡು ನುಡಿಗಳೊಡನೆ ಬಾಳುವುದು ನಮಗೆ ಹೊಸದಲ್ಲ. ಆದರೆ ಒಬ್ಬನೇ ದೇವರನ್ನು ಬೇರೆ ಬೇರೆ ಬಗೆಯಲ್ಲಿ ಆರಾಧಿಸುವವರು ಪರಸ್ಪರ ಗೌರವದಿಂದ ಬಾಳುವುದು ಅದಕ್ಕಿಂತ ಕಠಿಣವೆಂಬುದನ್ನು ನಾವು ತರಗತಿಯಲ್ಲಿಯೇ ಕಂಡಿದ್ದೇವೆ. ಪುಸ್ತಕ ಹಿಡಿದು ಪ್ರಾರ್ಥಿಸುವ ಸಭೆಯ ಮಗುವೂ ಚಪ್ಪಾಳೆ ತಟ್ಟಿ ಹಾಡುವ ಸಭೆಯ ಮಗುವೂ ಒಂದೇ ಬೆಂಚಿನಲ್ಲಿ ಕುಳಿತು, ಯಾರದು ನಿಜವಾದ ಪ್ರಾರ್ಥನೆ ಎಂದು ಜಗಳವಾಡಿದ್ದುಂಟು. ಆ ಮಾತು ಮಕ್ಕಳದಲ್ಲ, ಮನೆಯ ಹಿರಿಯರಿಂದ ಕಲಿತದ್ದು. ಆದ್ದರಿಂದ ಈ ಶತಮಾನೋತ್ಸವ ಸಂಪುಟದಲ್ಲಿ ಬಿಷಪ್ ಅಜರಯ್ಯನವರ ಜೀವನವನ್ನು ಸ್ಮರಿಸುವುದು ಉಚಿತವೆಂದು ಭಾವಿಸಿದ್ದೇವೆ.

ವೇದನಾಯಕಂ ಸ್ಯಾಮುಯೆಲ್ ಅಜರಯ್ಯನವರು 1874ರ ಆಗಸ್ಟ್ 17ರಂದು ತಮಿಳುನಾಡಿನ ತಿರುನೆಲ್ವೇಲಿ ಸೀಮೆಯ ವೆಳ್ಳಾಳನ್‌ವಿಳೈ ಗ್ರಾಮದಲ್ಲಿ ಜನಿಸಿದರು. ತಂದೆ ಆಂಗ್ಲಿಕನ್ ಸಭೆಯ ಗ್ರಾಮಪಾಲಕರು. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿದ ಬಳಿಕ ಅಜರಯ್ಯನವರು ವೈ.ಎಂ.ಸಿ.ಎ. ಸಂಸ್ಥೆಯ ಕಾರ್ಯದರ್ಶಿಯಾಗಿ ಊರೂರು ಸುತ್ತಿದರು. ಅಲ್ಲಿ ನಾನಾ ಪಂಥಗಳ ಯುವಕರೊಡನೆ ಬೆರೆತು ಕೆಲಸ ಮಾಡಿದ್ದು ಅವರಿಗೆ ಮುಂದಿನ ಬಾಳಿನ ಪಾಠವಾಯಿತು. 1909ರಲ್ಲಿ ದೀಕ್ಷೆ ಪಡೆದು, ನಿಜಾಮನ ಸಂಸ್ಥಾನದ ದೋರ್ನಕಲ್ಲಿಗೆ ತೆರಳಿ, ತಮ್ಮದಲ್ಲದ ತೆಲುಗು ಭಾಷೆಯನ್ನು ಕಲಿತು ಬಡ ಹಳ್ಳಿಗರ ನಡುವೆ ನೆಲೆಸಿದರು. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ಅವರಿಗೆ ಬಿಷಪ್ ಪದವಿ ದೊರೆಯಿತು. ಆಂಗ್ಲಿಕನ್ ಸಭೆಯಲ್ಲಿ ಆ ಪದವಿಗೇರಿದ ಮೊದಲ ಭಾರತೀಯರು ಅವರೇ. ಭಾರತೀಯನೊಬ್ಬನು ಆ ಪೀಠಕ್ಕೆ ತಕ್ಕವನಲ್ಲವೆಂದು ವಿರೋಧಿಸಿದವರು ಅವರ ಸಭೆಯೊಳಗೇ ಇದ್ದರು. ಪೂರ್ವಗ್ರಹದ ನೋವನ್ನು ಅವರು ಸ್ವತಃ ಉಂಡಿದ್ದರು.

ಅಂದಿನ ಕ್ರೈಸ್ತರ ಸ್ಥಿತಿಯನ್ನು ನಾವು ಸ್ವಲ್ಪ ಅರಿಯಬೇಕು. ಬಳ್ಳಾರಿಯಲ್ಲಿ ಲಂಡನ್ ಮಿಷನ್, ಮಂಗಳೂರು-ಧಾರವಾಡಗಳಲ್ಲಿ ಬಾಸೆಲ್ ಮಿಷನ್, ಮೈಸೂರಿನಲ್ಲಿ ವೆಸ್ಲಿಯನ್ ಮಿಷನ್, ನಂದ್ಯಾಲದಲ್ಲಿ ಆಂಗ್ಲಿಕನ್ ಮಿಷನ್ ಕೆಲಸ ಮಾಡುತ್ತಿದ್ದವು. ಹಳ್ಳಿಯವನು ಯಾವ ಪಂಥಕ್ಕೆ ಸೇರಿದನೆಂಬುದು ಅವನ ವಿಚಾರದಿಂದಲ್ಲ, ಅವನ ಊರಿಗೆ ಯಾವ ಮಿಷನ್ ಬಂತೆಂಬುದರಿಂದ ನಿರ್ಧಾರವಾಗುತ್ತಿತ್ತು. ಆದರೂ ಯುರೋಪಿನ ಹಳೆಯ ಜಗಳಗಳನ್ನು ಅವನು ತನ್ನವೆಂದು ಹೊತ್ತುಕೊಂಡ. ಕೂಡಿ ಪ್ರಾರ್ಥಿಸಬಹುದಾದವರು ಪ್ರಭುಭೋಜನದ ಪಂಕ್ತಿಯಲ್ಲಿ ಕೂಡುವಂತಿರಲಿಲ್ಲ. ಪಂಕ್ತಿಭೇದದ ಅರ್ಥವನ್ನು ನಮ್ಮ ನಾಡಿನವರಿಗೆ ಬೇರೆ ಹೇಳಬೇಕಾಗಿಲ್ಲ.

1919ರ ಮೇ ತಿಂಗಳಲ್ಲಿ ಅಜರಯ್ಯನವರೂ ಮತ್ತೊಂದು ಸಭೆಯ ಪಾಲಕರಾದ ಸಂತಿಯಾಗೊ ಅವರೂ ತರಂಗಂಬಾಡಿಯಲ್ಲಿ ಒಂದು ಸಮಾಲೋಚನೆ ಕರೆದರು. ಸೇರಿದವರು 33 ಮಂದಿ, ಇಬ್ಬರ ಹೊರತು ಎಲ್ಲರೂ ಭಾರತೀಯರು. ಅಲ್ಲಿಂದ ಐಕ್ಯದ ಮಾತುಕತೆ ಆರಂಭವಾಯಿತು. ಅದು 28 ವರ್ಷ ನಡೆಯಿತು. ಬಿಷಪ್ಪರ ಕೈಯಿಂದ ದೀಕ್ಷೆ ಪಡೆಯದ ಪಾಲಕನು ಪಾಲಕನೇ ಅಲ್ಲವೆಂದು ಒಂದು ಪಕ್ಷ; ಬಿಷಪ್ ಎಂಬ ಅಧಿಕಾರವೇ ಬೇಡವೆಂದು ಇನ್ನೊಂದು ಪಕ್ಷ. ಕೊನೆಗೆ ಕಂಡ ದಾರಿ ಸರಳವಾದುದು: ಈಗಾಗಲೇ ಇರುವ ಪಾಲಕರೆಲ್ಲರನ್ನೂ ಇದ್ದಂತೆಯೇ ಒಪ್ಪುವುದು, ಮುಂದಿನವರಿಗೆ ಬಿಷಪ್ಪರೇ ದೀಕ್ಷೆ ನೀಡುವುದು, ರೂಢಿಯಲ್ಲಿಲ್ಲದ ಆರಾಧನಾ ಕ್ರಮವನ್ನು ಯಾವ ಸಭೆಯ ಮೇಲೂ ಹೇರದಿರುವುದು. ಯಾರೂ ತಮ್ಮದನ್ನು ತೊರೆಯಬೇಕಿರಲಿಲ್ಲ. ಎದುರಿನವರದು ಕೀಳೆಂಬ ಭಾವವನ್ನು ಮಾತ್ರ ತೊರೆಯಬೇಕಿತ್ತು. 1927ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ಸಮ್ಮೇಳನದಲ್ಲಿ ಅವರು, ಪಶ್ಚಿಮದವರಿಗೆ ಈ ಒಡಕು ಬರಿಯ ದೌರ್ಬಲ್ಯವಾಗಿರಬಹುದು, ನಮ್ಮಲ್ಲಿ ಅದು ಪಾಪವೇ ಸರಿ ಎಂಬ ಅಭಿಪ್ರಾಯವನ್ನು ನಿರ್ಭಯವಾಗಿ ಮಂಡಿಸಿದರು.

ಆರಾಧನೆಯ ರೀತಿಯಲ್ಲಿಯೂ ಅವರ ಮನಸ್ಸು ವಿಶಾಲವಾಗಿತ್ತು. ತೆಲುಗು ಕೀರ್ತನೆಗಳನ್ನೂ ಭಜನೆಗಳನ್ನೂ ದೇವಾಲಯದೊಳಕ್ಕೆ ಬರಮಾಡಿಕೊಂಡರು. 1939ರಲ್ಲಿ ಪ್ರತಿಷ್ಠೆಯಾದ ದೋರ್ನಕಲ್ಲಿನ ದೇವಾಲಯದಲ್ಲಿ ಗುಡಿಯ ಕಂಬಗಳೂ ಮಸೀದಿಯ ಗುಮ್ಮಟಗಳೂ ಒಂದೇ ಕಟ್ಟಡದಲ್ಲಿ ಕೂಡಿವೆ.

1945ರ ಜನವರಿ 1ರಂದು ಅಜರಯ್ಯನವರು ದೋರ್ನಕಲ್ಲಿನಲ್ಲಿ ನಿಧನರಾದರು. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ದೇವಾಲಯದಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಹಾಗೂ ದಕ್ಷಿಣ ಭಾರತ ಐಕ್ಯ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆಯಾದಾಗ ನೋಡಲು ಅವರಿರಲಿಲ್ಲ. ಬಳ್ಳಾರಿಯ ಲಂಡನ್ ಮಿಷನ್ ಸಭೆಗಳು ಆ ಐಕ್ಯದೊಳಗೆ ಬಂದವು. ಆದರೆ ಅಜರಯ್ಯನವರ ಸ್ವಂತ ಧರ್ಮಪ್ರಾಂತ್ಯದಲ್ಲಿದ್ದ, ನಮ್ಮ ನೆರೆಯ ನಂದ್ಯಾಲದ ಆಂಗ್ಲಿಕನ್ ಸಭೆಗಳೇ ಹೊರಗುಳಿದವು. ಅವು ಸೇರಿದ್ದು 1975ರಲ್ಲಿ. ಮೇಲಿನವರು ಒಪ್ಪಂದಕ್ಕೆ ಸಹಿ ಹಾಕಿದ ಮಾತ್ರಕ್ಕೆ ಜನರ ಮನಸ್ಸಿನ ಅಂಜಿಕೆ ಅಳಿಯುವುದಿಲ್ಲವೆಂಬುದಕ್ಕೆ ಇದೇ ಸಾಕ್ಷಿ. ಆ ಸಭೆಗಳನ್ನು ದೂಷಿಸಲು ನಾವು ಇದನ್ನು ಬರೆಯುತ್ತಿಲ್ಲ. ತಮ್ಮ ಹಿರಿಯರ ಪ್ರಾರ್ಥನೆ ಕೈತಪ್ಪೀತೆಂಬ ಭಯ ಯಾರಿಗಾದರೂ ಸಹಜ. ಆ ಭಯ ಕರಗಲು ಇನ್ನೊಂದು 28 ವರ್ಷ ಹಿಡಿಯಿತು.

ಪಾಲಕರಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ನಮ್ಮದೊಂದು ಬಿನ್ನಹ. ಯಾವ ಮತದವರೇ ಆಗಲಿ, ನೆರೆಮನೆಯವರ ಪ್ರಾರ್ಥನೆಯ ವಿಷಯವಾಗಿ ಮಕ್ಕಳೆದುರು ಹಗುರವಾಗಿ ಆಡುವ ಮೊದಲು ಒಮ್ಮೆ ಯೋಚಿಸಿರಿ. ನೀವು ಆಡಿದ ಮಾತು ಮರುದಿನ ಬೆಳಿಗ್ಗೆ ನಮ್ಮ ತರಗತಿಗೆ ಬರುತ್ತದೆ. ನೂರು ವರ್ಷಗಳಿಂದ ಎಲ್ಲ ಮನೆಗಳ ಮಕ್ಕಳೂ ಒಂದೇ ಸಾಲಿನಲ್ಲಿ ಕುಳಿತು ಅಕ್ಷರ ಕಲಿತ ಶಾಲೆ ಇದು. ಆ ಸಾಲು ಮುರಿಯದಂತೆ ಕಾಯುವುದು ನಮ್ಮೆಲ್ಲರ ಹೊಣೆ.