ನೀರನ್ನು ಅಳೆದ ಬಾಳು

ಬೇಸಗೆಯ ಬಿಸಿಲಿನಲ್ಲಿ ಬಾದಾಮಿಯ ಕೆಂಗಲ್ಲಿನ ಗುಡ್ಡಗಳನ್ನು ಹತ್ತಿಳಿದು ಮಹಾಕೂಟಕ್ಕೆ ಬಂದವನ ದಣಿವು ಅಲ್ಲಿಯ ಪುಷ್ಕರಿಣಿಯಲ್ಲಿ ಕಾಲಿಟ್ಟೊಡನೆ ಇಳಿಯುತ್ತದೆ. ಸುತ್ತಣ ಹೊಲಗಳು ಬಿರಿದು ಬಾಯ್ದೆರೆದಿದ್ದರೂ ಮಹಾಕೂಟೇಶ್ವರನ ಸನ್ನಿಧಿಯ ಈ ಕೊಳದಲ್ಲಿ ನೀರು ತಿಳಿಯಾಗಿ ನಿಂತಿರುತ್ತದೆ. ಏಳನೆಯ ಶತಮಾನದ ಹೊಸ್ತಿಲಲ್ಲಿ ಚಾಲುಕ್ಯ ಮಂಗಲೇಶನು ಇಲ್ಲಿ ನಿಲ್ಲಿಸಿದ ಶಾಸನಸ್ತಂಭ ವಿಜಾಪುರದ ವಸ್ತುಸಂಗ್ರಹಾಲಯವನ್ನು ಸೇರಿತು. ಅವನ ರಾಜ್ಯ ಇತಿಹಾಸವನ್ನು ಸೇರಿತು. ಚಿಲುಮೆ ಮಾತ್ರ ತನ್ನ ಪಾಡಿಗೆ ತಾನು ಉಕ್ಕುತ್ತಲೇ ಇದೆ.

ಈ ನೀರು ಎಲ್ಲಿಂದ ಬರುತ್ತದೆ? ಭಕ್ತನಿಗೆ ಇದಕ್ಕೊಂದು ಉತ್ತರವುಂಟು, ಶಾಸ್ತ್ರಜ್ಞನಿಗೆ ಇನ್ನೊಂದು. ಗುಡ್ಡದ ಮೇಲೆ ಬಿದ್ದ ಮಳೆ ಮರಳುಗಲ್ಲಿನ ಸೀಳುಗಳಲ್ಲಿ ಇಂಗಿ, ಒಳಗೊಳಗೇ ಇಳಿದು, ನೀರನ್ನು ಬಿಡದ ಪದರವೊಂದು ಅಡ್ಡಬಂದಲ್ಲಿ ದಿಕ್ಕು ತಿರುಗಿ, ಬೆಟ್ಟದ ಬುಡದಲ್ಲಿ ಹೊರಗೆ ಬರುತ್ತದೆ. ಬಿದ್ದದ್ದೆಷ್ಟು, ಇಂಗಿದ್ದೆಷ್ಟು, ಹರಿದುಹೋದದ್ದೆಷ್ಟು, ಬಿಸಿಲು ಕುಡಿದದ್ದೆಷ್ಟು ಎಂಬ ಲೆಕ್ಕವೇ ಜಲವಿಜ್ಞಾನ. ಇಂದು ಅದೊಂದು ಪ್ರತ್ಯೇಕ ವಿದ್ಯೆ, ಪ್ರತ್ಯೇಕ ಪದವಿ. ನೂರನಲವತ್ತು ವರ್ಷಗಳ ಹಿಂದೆ ಹಾಗಿರಲಿಲ್ಲ. ಆಗ ಅದನ್ನು ಓದಲು ಬಯಸುವವನು ಲೋಕೋಪಯೋಗಿ ಇಲಾಖೆಯ ನೌಕರಿಗೆ ಸೇರಿ, ನದಿಗಳನ್ನೇ ಗುರುವನ್ನಾಗಿ ಮಾಡಿಕೊಳ್ಳಬೇಕಾಗಿತ್ತು. ಹಾಗೆ ಮಾಡಿಕೊಂಡವರಲ್ಲಿ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಅಗ್ರಗಣ್ಯರು. ದಿವಾನರೆಂದು, ಭಾರತರತ್ನರೆಂದು ಅವರನ್ನು ಎಲ್ಲರೂ ಬಲ್ಲರು. ಆ ಪದವಿಗಳ ಹಿಂದೆ ನಿಂತ ನೀರಿನ ಎಂಜಿನಿಯರನ್ನು ಮಾತ್ರ ನಾವು ಸ್ವಲ್ಪ ಮರೆತಿದ್ದೇವೆಂದು ನನಗೆ ತೋರುತ್ತದೆ.

ಅವರು ಹುಟ್ಟಿದ್ದು 1861ರ ಸೆಪ್ಟೆಂಬರ್ 15ರಂದು, ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ಪೂರ್ವಿಕರು ಆಂಧ್ರದ ಮೋಕ್ಷಗುಂಡದವರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ಊರಿನ ಹತ್ತಿರವೇ ನಂದಿಯ ಬೆಟ್ಟಸಾಲು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಅರ್ಕಾವತಿಗಳು ಹುಟ್ಟುವ ನಾಡು ಅದು. ಹುಟ್ಟಿದ ನದಿಗಳೆಲ್ಲ ಬೇರೆ ಸೀಮೆಗಳಿಗೆ ಹರಿದುಹೋಗಿ, ತವರು ಮಾತ್ರ ಕೆರೆಯ ನೀರನ್ನೇ ನೆಚ್ಚಿರುವ ವಿಚಿತ್ರವೂ ಅಲ್ಲಿಯದೇ.

ತಂದೆ ಬೇಗ ತೀರಿಕೊಂಡರು. ಸೋದರಮಾವನ ಆಶ್ರಯದಲ್ಲಿ, ಕೊಡಗಿನ ಮನೆತನವೊಂದರ ಮಕ್ಕಳಿಗೆ ಪಾಠ ಹೇಳಿಕೊಡುತ್ತ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಅವರ ಶಾಲಾದಿನಗಳ ನಡುವೆಯೇ 1876ರಿಂದ 78ರ ಮಹಾಕ್ಷಾಮ ಬಂದು ಹೋಗಿತ್ತು. ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಎಣಿಕೆಯಲ್ಲಿ 42 ಲಕ್ಷಕ್ಕೆ ಇಳಿದಿತ್ತು. ನಮ್ಮ ಬಾದಾಮಿ, ಬಾಗಲಕೋಟೆ, ಹುನಗುಂದಗಳು ಸೇರಿದ್ದ ಅಂದಿನ ಕಲಾದಗಿ ಜಿಲ್ಲೆಯ ಪಾಡು ಇನ್ನೂ ಕೆಟ್ಟದ್ದು: 8 ಲಕ್ಷ ಮೀರಿದ್ದ ಜನ 6 ಲಕ್ಷ 40 ಸಾವಿರದ ಒಳಕ್ಕೆ ಬಂದರು. ಹದಿನೈದು ಹದಿನಾರರ ಹುಡುಗನೊಬ್ಬ ಇಂಥ ಕಾಲದಲ್ಲಿ ಬೆಳೆದನೆಂಬುದನ್ನು ನೆನೆದರೆ, ಅವನು ಮುಂದೆ ಒಂದು ಕಾಲುವೆಯ ನೀರು ಪೋಲಾಗುವುದನ್ನು ಕಂಡು ಏಕೆ ಅಷ್ಟು ಅಸಹನೆಗೊಳ್ಳುತ್ತಿದ್ದನೆಂಬುದು ಅರ್ಥವಾದೀತು.

ಮೈಸೂರು ಸರಕಾರದ ವಿದ್ಯಾರ್ಥಿವೇತನ ದೊರೆತು ಪುಣೆಯ ವಿಜ್ಞಾನ ಕಾಲೇಜಿಗೆ ಹೋದರು. 1883ರ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮುಂಬಯಿ ಇಲಾಖೆಗೇ ಮೊದಲಿಗರಾದರು. ಮರುವರ್ಷ ಅಸಿಸ್ಟಂಟ್ ಎಂಜಿನಿಯರಾಗಿ ನಾಸಿಕಕ್ಕೆ ನೇಮಕ. ಖಾನದೇಶದ ಧುಳೆಯ ಬಳಿ ಪಾಂಝರಾ ನದಿಗೆ ಅಡ್ಡಲಾಗಿ ಕೊಳವೆಯ ಸೈಫನ್ ಹಾಕುವ ಕೆಲಸ ಮೊದಲ ವರ್ಷವೇ ಕೈಗೆ ಬಂತು. ಮಳೆಗಾಲದ ಪ್ರವಾಹ ಕೆಲಸ ಕೆಡಿಸುತ್ತಿದ್ದುದರಿಂದ ಅದನ್ನು ಮುಂದಕ್ಕೆ ಹಾಕಬೇಕೆಂದು ತರುಣ ಎಂಜಿನಿಯರು ಮೇಲಕ್ಕೆ ಬರೆದರು. ಮೇಲಧಿಕಾರಿಗೆ ಅದು ಹಿಡಿಸಲಿಲ್ಲ. ಶಿಸ್ತಿನ ಮೇಲೆ ಮಾತು ಬಂತು. ವಿಶ್ವೇಶ್ವರಯ್ಯನವರು ವಾದಿಸಲಿಲ್ಲ. ನದಿ ಇಳಿದಾಗಲೆಲ್ಲ ಕೆಲಸ ಹಿಡಿದು, ಏರಿದಾಗ ಕಾದು, ಅಂತೂ ಮುಗಿಸಿಕೊಟ್ಟರು. ನದಿಯ ಮರ್ಜಿಯನ್ನು ಓದುವ ಪಾಠ ಅಲ್ಲಿ ಆರಂಭವಾಯಿತೆನ್ನಬಹುದು.

ಸಿಂಧ್ ಪ್ರಾಂತದ ಸಕ್ಕರ್ ಊರಿನ ಕೆಲಸ ಅವರ ಬುದ್ಧಿಯ ಜಾಡನ್ನು ತೋರಿಸುತ್ತದೆ. ಊರು ಸಿಂಧೂನದಿಯ ದಂಡೆಯಲ್ಲೇ ಇದ್ದರೂ ಕುಡಿಯಲು ಒಳ್ಳೆಯ ನೀರಿಲ್ಲ, ನದಿ ಕೆಸರಿನದು. ನೀರು ಸೋಸುವ ದೊಡ್ಡ ತೊಟ್ಟಿಗಳನ್ನು ಕಟ್ಟಲು ಪುರಸಭೆಯ ಬಳಿ ಹಣವಿಲ್ಲ. 1893ರಲ್ಲಿ ಅಲ್ಲಿಗೆ ಹೋದ ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ಮರಳಿನ ಮೂಲಕ ಜಿನುಗಿ ಬಂದ ನೀರು ತಾನಾಗಿಯೇ ತಿಳಿಯಾಯಿತು. ಅದನ್ನು ದಂಡೆಗೆ ತಂದು ಗುಡ್ಡದ ಮೇಲಕ್ಕೆ ಏರಿಸಿ ಊರಿಗೆ ಹಂಚಿದರು. ಮಲಪ್ರಭೆಯ ದಂಡೆಯ ನಮ್ಮ ಹೆಣ್ಣುಮಕ್ಕಳು ಇದನ್ನು ಕೇಳಿದರೆ ನಕ್ಕಾರು. ಬೇಸಗೆಯಲ್ಲಿ ಹೊಳೆಯ ಉಸುಕನ್ನು ಕೈಯಿಂದ ಬಗೆದು, ಒರತೆಯಲ್ಲಿ ಊರಿದ ನೀರನ್ನು ಚರಿಗೆಯಿಂದ ಕೊಡಕ್ಕೆ ತುಂಬಿಕೊಳ್ಳುವುದು ಅವರಿಗೆ ತಲೆಮಾರುಗಳಿಂದ ಗೊತ್ತು. ಎಂಜಿನಿಯರು ಆ ಒರತೆಯನ್ನು ಒಂದು ಪಟ್ಟಣದ ಅಳತೆಗೆ ಹಿಗ್ಗಿಸಿದರು. ಎಷ್ಟು ಅಗಲದ ಬಾವಿಗೆ ದಿನಕ್ಕೆ ಎಷ್ಟು ನೀರು ಬಂದೀತು ಎಂಬ ಲೆಕ್ಕ ಅವರ ಬಳಿ ಇತ್ತು. ಹೆಚ್ಚಿನದೆಂದರೆ ಅಷ್ಟೇ, ಆದರೆ ಅದು ಸಣ್ಣದಲ್ಲ. ಹದಿಮೂರು ವರ್ಷಗಳ ತರುವಾಯ, 1906ರಲ್ಲಿ, ಮಳೆಯನ್ನೇ ಅಪರೂಪಕ್ಕೆ ಕಾಣುವ ಏಡನ್ ಬಂದರಿಗೆ ಹೋದಾಗಲೂ ಅವರು ಹುಡುಕಿದ್ದು ಒಂದು ಒಣ ನದೀಪಾತ್ರವನ್ನೇ. ದೂರದ ಲಾಹೆಜ್ ಸೀಮೆಯ ಆ ಮರಳಿನಡಿಯ ನೀರನ್ನು ಊರಿಗೆ ತರಬಹುದೆಂದು ವರದಿ ಕೊಟ್ಟರು.

ನಡುವೆ ಪುಣೆಯ ವರ್ಷಗಳು. 1899ರಲ್ಲಿ ಆ ಜಿಲ್ಲೆಯ ನೀರಾವರಿಯ ಹೊಣೆ ಅವರದಾಯಿತು. ನೀರಾ ಕಾಲುವೆಯ ಮೇಲ್ಭಾಗದ ರೈತರು ಬೇಕಾದಷ್ಟು ನೀರು ಹಾಯಿಸಿ ಕಬ್ಬು ಬೆಳೆಯುತ್ತಿದ್ದರು. ಬಾಲದಲ್ಲಿದ್ದವರಿಗೆ ಬರಿಯ ಕಾಲುವೆ ಕಾಣುತ್ತಿತ್ತು. ಮೇಲಿನ ಹೊಲ ಜವುಳು ಹಿಡಿದು ಚಳಿಜ್ವರ ಹರಡುತ್ತಿತ್ತು. ಅವರು ಹೊಲಗಳನ್ನು ಬ್ಲಾಕುಗಳಾಗಿ ವಿಂಗಡಿಸಿದರು. ಪ್ರತಿ ಬ್ಲಾಕಿನ ಒಂದು ಪಾಲಿನಲ್ಲಿ ಮಾತ್ರ ಕಬ್ಬು, ಉಳಿದದ್ದರಲ್ಲಿ ಕಡಮೆ ನೀರಿನ ಬೆಳೆ, ವರ್ಷದಿಂದ ವರ್ಷಕ್ಕೆ ಪಾಲುಗಳ ಅದಲುಬದಲು, ನೀರು ಸರದಿಯಂತೆ. ಕಬ್ಬಿನ ಒಡೆಯರು ಕೂಗಿಕೊಂಡರು, ಪುಣೆಯ ಪತ್ರಿಕೆಗಳಲ್ಲಿ ಟೀಕೆ ಬಂತು. ವಿಶ್ವೇಶ್ವರಯ್ಯನವರು ಊರೂರಿಗೆ ಹೋಗಿ ರೈತರ ಜೊತೆ ಕುಳಿತು ಲೆಕ್ಕ ಒಪ್ಪಿಸಿದರು. 1901ರ ನೀರಾವರಿ ಆಯೋಗ ಈ ಪದ್ಧತಿಗೆ ಗಮನ ಕೊಟ್ಟಿತು. ಅಣೆಕಟ್ಟು ಕಟ್ಟಿದ ಕೀರ್ತಿ ಕಲ್ಲಿನಲ್ಲಿ ಉಳಿಯುತ್ತದೆ; ನೀರನ್ನು ನ್ಯಾಯವಾಗಿ ಹಂಚಿದ ಕೀರ್ತಿ ಉಳಿಯುವುದಿಲ್ಲ. ನನ್ನ ಮಟ್ಟಿಗೆ ಅವರ ಹೆಚ್ಚಿನ ಕೆಲಸ ಇದೇ.

ಖಡಕವಾಸಲೆಯ ಸ್ವಯಂಚಾಲಿತ ಬಾಗಿಲುಗಳ ಕಥೆ ಹೆಚ್ಚು ಪ್ರಸಿದ್ಧ. ಅಲ್ಲಿಯ ಜಲಾಶಯದ ಕೋಡಿಯ ಮೇಲೆ ಪ್ರತಿವರ್ಷ ತಾತ್ಕಾಲಿಕ ತಡೆ ಕಟ್ಟಿ ಸ್ವಲ್ಪ ಹೆಚ್ಚು ನೀರು ಹಿಡಿಯುತ್ತಿದ್ದರು. ಪ್ರವಾಹ ಅದನ್ನು ಕೊಚ್ಚಿಕೊಂಡು ಹೋಗುತ್ತಿತ್ತು. ನೀರು ಕೋಡಿಗಿಂತ 8 ಅಡಿ ಮೇಲೇರುವವರೆಗೆ ಮುಚ್ಚಿದ್ದು, ಅದಕ್ಕೂ ಏರಿದರೆ ತಾವಾಗಿಯೇ ತೆರೆದು, ಇಳಿದ ಮೇಲೆ ಮತ್ತೆ ಮುಚ್ಚಿಕೊಳ್ಳುವ ಬಾಗಿಲುಗಳನ್ನು ಅವರು ರೂಪಿಸಿದರು. 1903ರಲ್ಲಿ ಅವನ್ನು ಜೋಡಿಸಿದರು. ಅಣೆಯ ಗೋಡೆಯನ್ನು ಎತ್ತರಿಸದೆ ಜಲಾಶಯ ದೊಡ್ಡದಾಯಿತು. ಪೇಟೆಂಟು ಅವರ ಹೆಸರಿನಲ್ಲಿತ್ತು. ತಾವು ನೌಕರಿಯಲ್ಲಿದ್ದ ಸರಕಾರದಿಂದ ಅದರ ಗೌರವಧನ ಪಡೆಯಲು ಅವರು ಒಪ್ಪಲಿಲ್ಲ.

ಧಾರವಾಡ, ವಿಜಾಪುರಗಳ ಕುಡಿಯುವ ನೀರಿನ ಯೋಜನೆಗಳೂ ಮುಂಬಯಿ ಇಲಾಖೆಯ ಆ ವರ್ಷಗಳಲ್ಲಿ ಅವರ ಕೈಯಲ್ಲಿ ಹಾದವು. ಆದರೆ ಇಲಾಖೆಯ ಶಿಖರದ ಹುದ್ದೆಗಳು ಭಾರತೀಯನಿಗೆ ದೊರೆಯುವಂತಿರಲಿಲ್ಲ. ಇದನ್ನು ಅರಿತು 1908ರಲ್ಲಿ, ನಾಲ್ವತ್ತೇಳರ ಪ್ರಾಯದಲ್ಲಿ, ತಾವಾಗಿಯೇ ನಿವೃತ್ತರಾಗಿ ಯುರೋಪಿನ ಪ್ರವಾಸಕ್ಕೆ ಹೊರಟರು.

ಅದೇ ಸೆಪ್ಟೆಂಬರಿನಲ್ಲಿ ಹೈದರಾಬಾದಿನ ಮೂಸಿ ನದಿ ಉಕ್ಕಿ ಸಾವಿರಾರು ಜನರನ್ನು ನುಂಗಿತು. ನಿಜಾಮ ಸರಕಾರದ ಕರೆಯ ಮೇಲೆ 1909ರಲ್ಲಿ ವಿಶ್ವೇಶ್ವರಯ್ಯನವರು ಅಲ್ಲಿಗೆ ಬಂದರು. ನೆರೆ ಎಂದೋ ಇಳಿದುಹೋಗಿತ್ತು. ಹೋದ ನೆರೆಯನ್ನು ಅಳೆಯುವುದು ಹೇಗೆ? ಗೋಡೆಗಳ ಮೇಲೆ ಉಳಿದ ಕೆಸರಿನ ಗೆರೆಗಳಿಂದ ನೀರು ಏರಿದ ಎತ್ತರ ತಿಳಿಯುತ್ತದೆ; ಆ ಗೆರೆಗಳ ಇಳಿಜಾರಿನಿಂದ ವೇಗ; ನದಿಯ ಅಗಲ ಆಳಗಳಿಂದ ಪ್ರಮಾಣ. ಮಳೆಮಾಪಕಗಳನ್ನು ನೋಡಿದರೆ ಒಂದೇ ದಿನದಲ್ಲಿ 12 ಅಂಗುಲಕ್ಕೂ ಮಿಕ್ಕಿ ಸುರಿದ ಸ್ಥಳವಿತ್ತು. ಮೇಲಿನ ಜಲಾನಯನದ ಸುಮಾರು 800 ಕೆರೆಗಳಲ್ಲಿ 200ಕ್ಕಿಂತ ಹೆಚ್ಚು, ಒಂದರ ನೀರು ಇನ್ನೊಂದರ ಏರಿಯನ್ನು ನೂಕಿ, ಒಡೆದಿದ್ದವು. ನದಿಯಲ್ಲಿ ಸೆಕೆಂಡಿಗೆ 4 ಲಕ್ಷ ಘನ ಅಡಿಗೂ ಮಿಕ್ಕ ನೀರು ಹರಿದಿತ್ತೆಂಬ ಲೆಕ್ಕ ಬಂತು. ನಗರದಲ್ಲಿ ಗೋಡೆ ಎತ್ತರಿಸಿದರೆ ಸಾಲದು, ನೆರೆಯನ್ನು ಊರ ಹೊರಗೇ ಹಿಡಿದು ಮೆಲ್ಲಗೆ ಬಿಡಬೇಕೆಂಬುದು ಅವರ ನಿರ್ಣಯ. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಅದರ ಫಲವಾಗಿ ಮುಂದೆ ನಿಂತವು.

ಅದೇ ವರ್ಷದ ಕೊನೆಗೆ ಅವರು ಮೈಸೂರಿನ ಚೀಫ್ ಎಂಜಿನಿಯರು. ಕನ್ನಂಬಾಡಿಯ ಬಳಿ ಕಾವೇರಿಗೆ ಕಟ್ಟೆ ಕಟ್ಟುವ ಯೋಜನೆಗೆ ಸಂಸ್ಥಾನದ ಅಧಿಕಾರಿಗಳೇ ಹಿಂಜರಿದರು. ಖಜಾನೆಗೆ ಅಷ್ಟು ದೊಡ್ಡ ಭಾರ ಎಂದೂ ಬಿದ್ದಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು ಒಪ್ಪಿಗೆ ಕೊಟ್ಟ ಮೇಲೆ 1911ರಲ್ಲಿ ಕೆಲಸ ಮೊದಲಾಯಿತು. ಮದರಾಸು ಸರಕಾರ ತಕರಾರು ಎತ್ತಿತು. ಕಾವೇರಿಯ ಮೇಲೆ ಅದಕ್ಕೂ ತನ್ನದೇ ಯೋಜನೆಯಿತ್ತು; ತಂಜಾವೂರಿನ ಗದ್ದೆಗಳ ಚಿಂತೆಯೂ ಸುಳ್ಳಲ್ಲ. 80 ಅಡಿಯ ಕಟ್ಟೆಗೆ ಮಾತ್ರ ಅನುಮತಿ ಬಂತು. ವಿಶ್ವೇಶ್ವರಯ್ಯನವರು ತಳಪಾಯವನ್ನು 124 ಅಡಿಯ ಕಟ್ಟೆಗೆ ತಕ್ಕಷ್ಟು ಅಗಲವಾಗಿಯೇ ಹಾಕಿಸಿದರು. ಇದನ್ನು ದೂರದೃಷ್ಟಿಯೆನ್ನುವವರುಂಟು, ಹಟವೆನ್ನುವವರುಂಟು. ಎರಡೂ ಇದ್ದುವೆಂದರೆ ತಪ್ಪಾಗದು. ಕೋಲಾರದ ಚಿನ್ನದ ಗಣಿಗಳಿಗೆ 1915ರ ನಡುವಿಗೆ ಹೆಚ್ಚು ವಿದ್ಯುತ್ತು ಕೊಡುವ ವಾಗ್ದಾನವಿತ್ತು. ಸಾವಿರಾರು ಕೂಲಿಗಳು ಹಗಲಿರುಳು ದುಡಿದರು. ಸಿಮೆಂಟು ದುರ್ಲಭವಾದ್ದರಿಂದ ಸುರ್ಕಿ ಗಾರೆಯಲ್ಲೇ ಕಟ್ಟಡ. ಮಲೇರಿಯ ಬಂತು, ಪ್ರವಾಹ ಬಂತು. ಹೇಳಿದ ಹೊತ್ತಿಗೆ ಮೊದಲ ಹಂತದ ನೀರು ನಿಂತಿತು. ಕಟ್ಟೆ ಪೂರ್ಣವಾದದ್ದು ಅವರ ದಿವಾನಗಿರಿ ಮುಗಿದು ಎಷ್ಟೋ ವರ್ಷಗಳಾದ ಮೇಲೆ, ಬೇರೆ ಎಂಜಿನಿಯರುಗಳ ಕೈಯಲ್ಲಿ. ಮದರಾಸಿನೊಡನೆಯ ವ್ಯಾಜ್ಯ 1914ರ ಗ್ರಿಫಿನ್ ತೀರ್ಪು, ಅದರ ಮೇಲಿನ ಮೇಲ್ಮನವಿಗಳನ್ನು ದಾಟಿ 1924ರ ಒಪ್ಪಂದಕ್ಕೆ ಬಂದು ನಿಂತಿತು. ಮಳೆಮಾಪಕದ ಅಂಗುಲಗಳು ವಕೀಲರ ಕಡತವನ್ನು ಸೇರುವ ಕಾಲ ಅಲ್ಲಿಂದ ಆರಂಭ. ಅದು ಇನ್ನೂ ಮುಗಿದಿಲ್ಲ.

ನೀರು ನಿಂತಾಗ ಹಳೆಯ ಕನ್ನಂಬಾಡಿ ಮುಳುಗಿತು. ಅದರ ವೇಣುಗೋಪಾಲಸ್ವಾಮಿ ದೇವಾಲಯವೂ ಮುಳುಗಿತು. ಬರಗಾಲದಲ್ಲಿ ನೀರು ತೀರ ಇಳಿದಾಗ ಅದರ ಕಲ್ಲುಗಳು ಮೇಲೆ ಕಾಣುತ್ತಿದ್ದುವು. ಇತ್ತೀಚಿನ ವರ್ಷಗಳಲ್ಲಿ ಅದನ್ನು ಎತ್ತಿ ಬೇರೆಡೆಯಲ್ಲಿ ಕಟ್ಟಲಾಗಿದೆ. ಮಂಡ್ಯದ ಬಯಲು ಹಸಿರಾದ ಸಂಭ್ರಮದಲ್ಲಿ ಊರು ಬಿಟ್ಟವರ ಮಾತು ಗ್ರಂಥಗಳಲ್ಲಿ ಹೆಚ್ಚು ದಾಖಲಾಗಲಿಲ್ಲ. ಬಾಗಲಕೋಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಪೇಟೆ ಓಣಿಗಳನ್ನು ಬಿಟ್ಟುಕೊಟ್ಟು ನವನಗರಕ್ಕೆ ಗಂಟುಮೂಟೆ ಹೊತ್ತವರು ಅವರು. ನೀರಿನ ಲೆಕ್ಕದಲ್ಲಿ ಬಿಟ್ಟುಹೋದ ಒಂದು ಅಂಕಣ ಅದು, ವಿಶ್ವೇಶ್ವರಯ್ಯನವರ ಕಾಗದಗಳಲ್ಲಿಯೂ ಅದಕ್ಕೆ ಹೆಚ್ಚು ಎಡೆಯಿಲ್ಲ.

1912ರಿಂದ 1918ರವರೆಗಿನ ದಿವಾನಗಿರಿ, ಬ್ಯಾಂಕು, ವಿಶ್ವವಿದ್ಯಾನಿಲಯ, ಸಾಹಿತ್ಯ ಪರಿಷತ್ತುಗಳ ಸ್ಥಾಪನೆ, ಸರಕಾರಿ ನೌಕರಿಯಲ್ಲಿ ಹಿಂದುಳಿದವರಿಗೆ ಮೀಸಲಿಡುವ ವಿಚಾರದಲ್ಲಿ ಮಹಾರಾಜರೊಡನೆ ಬಂದ ಭಿನ್ನಾಭಿಪ್ರಾಯ, ರಾಜೀನಾಮೆ, ಇವೆಲ್ಲ ಬೇರೊಂದು ಲೇಖನದ ವಸ್ತು. ಆ ಭಿನ್ನಾಭಿಪ್ರಾಯದಲ್ಲಿ ಕಾಲ ಮಹಾರಾಜರ ಪಕ್ಷವನ್ನು ವಹಿಸಿತೆಂದಷ್ಟೇ ಇಲ್ಲಿ ಹೇಳಬಹುದು. ನೀರು ಮಾತ್ರ ಅವರನ್ನು ಬಿಡಲಿಲ್ಲ. 1937ರಲ್ಲಿ, ಎಪ್ಪತ್ತಾರರ ವಯಸ್ಸಿನಲ್ಲಿ, ಒರಿಸ್ಸದ ನೆರೆಗಳ ಬಗೆಗೆ ವರದಿ ಬರೆದರು. ತೊಂಬತ್ತು ದಾಟಿದ ಮೇಲೆಯೂ ಬಿಹಾರದ ಮೊಕಾಮೆಯಲ್ಲಿ ಗಂಗೆಗೆ ಸೇತುವೆ ಎಲ್ಲಿ ಕಟ್ಟಬೇಕೆಂಬುದನ್ನು ನೋಡಲು ಹೋದರು.

ಈ ವಿದ್ಯೆಯನ್ನು ಆರಿಸಿಕೊಳ್ಳಬಯಸುವ ವಿದ್ಯಾರ್ಥಿಗೆ ಈಗ ದಾರಿ ಸುಗಮ. 1972ರಲ್ಲಿಯೇ ರೂರ್ಕಿಯಲ್ಲಿ ಜಲವಿಜ್ಞಾನದ ಪ್ರತ್ಯೇಕ ಶಿಕ್ಷಣ ಮೊದಲಾಯಿತು. 1978ರಲ್ಲಿ ಅದೇ ಊರಿನಲ್ಲಿ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆ ಹುಟ್ಟಿತು. ಅದರದೇ ಒಂದು ಪ್ರಾದೇಶಿಕ ಕೇಂದ್ರ, ಗಟ್ಟಿಶಿಲೆಯ ಸೀಮೆಗಳ ನೀರನ್ನು ಅಭ್ಯಸಿಸುವುದಕ್ಕಾಗಿ, ನಮ್ಮ ಬೆಳಗಾವಿಯಲ್ಲಿದೆ. ಮಹಾಕೂಟದ ಹುಡುಗನೊಬ್ಬ ತನ್ನೂರಿನ ಚಿಲುಮೆಯ ಒಳದಾರಿಯನ್ನು ತಿಳಿಯಲು ಪುಣೆಯವರೆಗೆ ಹೋಗಬೇಕಾಗಿಲ್ಲ.

ವಿಶ್ವೇಶ್ವರಯ್ಯನವರು 1962ರ ಏಪ್ರಿಲಿನಲ್ಲಿ, ನೂರು ತುಂಬಿದ ಮೇಲೆ, ಬೆಂಗಳೂರಿನಲ್ಲಿ ತೀರಿಕೊಂಡರು. ಸಮಾಧಿ ಮುದ್ದೇನಹಳ್ಳಿಯಲ್ಲಿದೆ. ನದಿಗಳ ಆ ತವರಿನಲ್ಲಿ ಅಂತರ್ಜಲ ಪಾತಾಳ ಸೇರಿ, ಕೆರೆಗಳು ವರ್ಷಗಟ್ಟಲೆ ಬತ್ತಿದ್ದವು. ಈಚೆಗೆ ಹೆಬ್ಬಾಳ ಮತ್ತು ನಾಗವಾರ ಕಣಿವೆಗಳ ಯೋಜನೆಯಂತೆ ಬೆಂಗಳೂರು ಬಳಸಿ ಬಿಟ್ಟ ನೀರನ್ನು ಶುದ್ಧಿಗೊಳಿಸಿ ಚಿಕ್ಕಬಳ್ಳಾಪುರದ ಕೆರೆಗಳಿಗೆ ಏರಿಸಿ ತುಂಬುತ್ತಿದ್ದಾರೆ. ಆ ನೀರು ಸಾಕಷ್ಟು ಶುದ್ಧವೇ ಎಂದು ಅಲ್ಲಿಯ ರೈತರು ಕೇಳುತ್ತಿದ್ದಾರೆ. ಒಂದು ಕಾಲಕ್ಕೆ ಮುಂಬಯಿ ಸರಕಾರದ ಸ್ಯಾನಿಟರಿ ಎಂಜಿನಿಯರೂ ಆಗಿದ್ದ ಆ ಊರಿನ ಹಿರಿಯರು ಇದ್ದಿದ್ದರೆ, ಮೊದಲು ಆ ನೀರನ್ನು ಒಂದು ಶೀಸೆಯಲ್ಲಿ ತುಂಬಿ ಪರೀಕ್ಷೆಗೆ ಕಳುಹಿಸುತ್ತಿದ್ದರು.