ಶಿಷ್ಯರೇ ಗುರುವಿನ ಅಳತೆಗೋಲು: ರಹೀಂ ಸಾಹೇಬರ ಜೀವಿತ

ಪಾಠಶಾಲೆಯ ಉಪಾಧ್ಯಾಯನ ಯೋಗ್ಯತೆಯನ್ನು ಯಾವುದರಿಂದ ನಿಶ್ಚಯಿಸಬೇಕೆಂಬ ಪ್ರಶ್ನೆಯು ಬಹು ಹಳೆಯದು. ಆದರೆ ಆಟದ ಬಯಲಿನ ಉಪಾಧ್ಯಾಯನ ವಿಷಯದಲ್ಲಿ ಈ ಪ್ರಶ್ನೆಯನ್ನು ನಮ್ಮವರು ಕೇಳಿಕೊಂಡುದು ಅಪೂರ್ವ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ಊರುಗಳಲ್ಲಿಯೂ ಶಾಲೆಗಳ ಕ್ರೀಡಾಕೂಟಗಳು ನಡೆಯುತ್ತವೆ. ಕೂಟವು ಮುಗಿದ ಮರುದಿನ ಯಾವ ಶಾಲೆಗೆ ಎಷ್ಟು ಬಹುಮಾನಗಳು ಬಂದುವೆಂಬ ಲೆಕ್ಕವೊಂದೇ ಹೊರಡುತ್ತದೆ. ಆ ಲೆಕ್ಕದಿಂದಲೇ ಒಬ್ಬ ಶಿಕ್ಷಕನು ಸಮರ್ಥನೆಂದೂ ಇನ್ನೊಬ್ಬನು ನಿಷ್ಪ್ರಯೋಜಕನೆಂದೂ ತೀರ್ಮಾನವಾಗಿಬಿಡುತ್ತದೆ. ಈ ತೀರ್ಮಾನವು ನ್ಯಾಯವಾದುದಲ್ಲವೆಂದು ನಾವು ಭಾವಿಸುತ್ತೇವೆ.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಬಲ್ಲವರಿಗೆ ನಮ್ಮ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ನೂಲು ಬಿಚ್ಚುವವನ ಕೈಗುಣವನ್ನು ಅವನ ಮನೆಯಲ್ಲಿ ಬಿದ್ದಿರುವ ನೂಲಿನ ರಾಶಿಯನ್ನು ನೋಡಿ ಯಾರೂ ಅಳೆಯುವುದಿಲ್ಲ. ಅವನು ಎಂತಹ ಗೂಡನ್ನು ಎಷ್ಟು ತೂಕ ಕೊಂಡನು, ಅದರಿಂದ ಎಷ್ಟು ನೂಲನ್ನು ಎಳೆದನು, ಎಳೆ ಎಷ್ಟು ಸಮನಾಗಿದೆ ಎಂಬುದನ್ನು ನೋಡುತ್ತಾರೆ. ಉತ್ತಮವಾದ ಗೂಡು ಕೈಗೆ ಬಂದವನು ಉತ್ತಮವಾದ ನೂಲು ತೆಗೆದರೆ ಅದರಲ್ಲಿ ಅರ್ಧ ಕೀರ್ತಿಯು ಹುಳು ಸಾಕಿದ ರೈತನದು. ಸಾಧಾರಣವಾದ ಗೂಡಿನಿಂದ ಮೇಲ್ದರ್ಜೆಯ ನೂಲನ್ನು ತೆಗೆದವನೇ ಕಸಬುದಾರನು. ಆಟದ ಶಿಕ್ಷಕನನ್ನೂ ಹೀಗೆಯೇ ನೋಡಬೇಕು. ಹುಡುಗನು ಬಂದಾಗ ಎಲ್ಲಿದ್ದನು, ಹೋದಾಗ ಎಲ್ಲಿದ್ದನು, ನಡುವಣ ದಾರಿಯಲ್ಲಿ ಗುರುವಿನ ಪಾಲು ಎಷ್ಟು ಎಂಬುದೇ ತಕ್ಕ ಪರೀಕ್ಷೆ. ಈ ಪರೀಕ್ಷೆಗೆ ನಿಲ್ಲಬಲ್ಲ ಒಬ್ಬ ಮಹನೀಯರ ಜೀವಿತವನ್ನು ವಾಚಕರ ಮುಂದಿಡುವುದು ಇಂದಿನ ನಮ್ಮ ಉದ್ದೇಶ.

ಬೆಂಗಳೂರಿನಿಂದ ಗೌರಿಬಿದನೂರಿನ ಮಾರ್ಗವಾಗಿ ಉತ್ತರಕ್ಕೆ ಹೋಗುವ ರೈಲು ಹೈದರಾಬಾದಿನ ಕಾಚಿಗುಡವನ್ನು ಮುಟ್ಟುತ್ತದೆ. ಅದೇ ಕಾಚಿಗುಡದ ಮಾಧ್ಯಮಿಕ ಶಾಲೆಯಲ್ಲಿ ಒಂದು ಕಾಲಕ್ಕೆ ಪಾಠ ಹೇಳುತ್ತಿದ್ದ ಉಪಾಧ್ಯಾಯರೇ ಸೈಯದ್ ಅಬ್ದುಲ್ ರಹೀಂ ಸಾಹೇಬರು. 2024ರಲ್ಲಿ ಹಿಂದಿಯ ಚಲನಚಿತ್ರವೊಂದು ಬಂದ ಮೇಲೆ ಅವರ ಹೆಸರು ಮನೆಮನೆಗೂ ತಿಳಿಯಿತು. ಆದರೆ ಚಲನಚಿತ್ರವು ಜಯವನ್ನು ತೋರಿಸುವಷ್ಟು ಸುಲಭವಾಗಿ ಶಿಕ್ಷಣವನ್ನು ತೋರಿಸಲಾರದು.

ರಹೀಂ ಸಾಹೇಬರು 1909ನೆಯ ಇಸವಿ ಆಗಸ್ಟ್ 17ರಂದು ಹೈದರಾಬಾದಿನಲ್ಲಿ ಜನಿಸಿದರು. ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ, ಅಲ್ಲಿಯ ಫುಟ್‌ಬಾಲ್ ತಂಡದಲ್ಲಿ ಆಡಿ, ಪದವೀಧರರಾಗಿ ಉಪಾಧ್ಯಾಯ ವೃತ್ತಿಯನ್ನು ಹಿಡಿದರು. ಹಲವು ಶಾಲೆಗಳಲ್ಲಿ ಪಾಠ ಹೇಳಿದರು. ಅಂಗಸಾಧನೆಯ ಶಿಕ್ಷಣದಲ್ಲಿ ಡಿಪ್ಲೊಮಾ ಪಡೆದು ಶಾಲೆಯ ಆಟಗಳ ಹೊಣೆಯನ್ನೂ ಹೊತ್ತರು. ತರುವಾಯ ಹೈದರಾಬಾದ್ ಫುಟ್‌ಬಾಲ್ ಸಂಘದ ಕಾರ್ಯದರ್ಶಿಗಳಾಗಿ ಕಡೆಯುಸಿರಿನ ತನಕ ಆ ಕೆಲಸವನ್ನು ಬಿಡಲಿಲ್ಲ. ಅವರು ಮೊದಲು ಉಪಾಧ್ಯಾಯರು, ಅನಂತರ ತರಬೇತುದಾರರು. ಈ ಕ್ರಮವನ್ನು ನೆನಪಿನಲ್ಲಿಟ್ಟುಕೊಳ್ಳದೆ ಅವರ ಕೆಲಸವನ್ನು ತಿಳಿಯಲಾಗದು. ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗನಿಗೆ ಲೆಕ್ಕ ಬಾರದಿದ್ದರೆ ಅವನನ್ನು ತರಗತಿಯಿಂದ ತೆಗೆದು ಜಾಣನನ್ನು ಕೂರಿಸಿಕೊಳ್ಳುವ ಅಧಿಕಾರವು ಉಪಾಧ್ಯಾಯನಿಗೆ ಇಲ್ಲ. ಇದ್ದವನಿಗೇ ಕಲಿಸಬೇಕು. ರಹೀಂ ಸಾಹೇಬರು ಈ ಧರ್ಮವನ್ನೇ ಬಯಲಿಗೆ ತಂದರು.

ಅವರ ಶಿಕ್ಷಣಕ್ರಮದ ಎರಡು ಸಂಗತಿಗಳನ್ನು ಇಲ್ಲಿ ಹೇಳಬೇಕು. ನಮ್ಮ ದೇಶದ ಹುಡುಗರಿಗೆ ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ಎದುರಾಳಿಗಳ ನಡುವೆ ಒಬ್ಬನೇ ನುಸುಳಿ ಹೋಗುವುದರಲ್ಲಿ ಬಹಳ ಪ್ರೀತಿ. ನೋಡುವವರಿಗೂ ಅದರಲ್ಲಿ ಆನಂದ. ರಹೀಂ ಸಾಹೇಬರು ಹೀಗೆ ಚೆಂಡನ್ನು ಒಯ್ಯುವುದೇ ನಿಷಿದ್ಧವೆಂಬ ನಿಯಮವನ್ನಿಟ್ಟು ಪಂದ್ಯಗಳನ್ನು ಏರ್ಪಡಿಸಿದರು. ಚೆಂಡು ಬಂದೊಡನೆ ಜೊತೆಗಾರನಿಗೆ ದಾಟಿಸಲೇಬೇಕು. ದಾಟಿಸಬೇಕಾದರೆ ಅದು ಬರುವುದಕ್ಕೆ ಮೊದಲೇ ತಲೆಯೆತ್ತಿ ನೋಡಿರಬೇಕು. ಇನ್ನು ಕೆಲವು ಪಂದ್ಯಗಳಲ್ಲಿ ಬಲಹೀನವಾದ ಕಾಲಿನಿಂದ ಮಾತ್ರವೇ ಒದೆಯತಕ್ಕದ್ದು. ಬಲಗಾಲಿನವನು ಎಡಗಾಲಿನಿಂದ, ಎಡಗಾಲಿನವನು ಬಲಗಾಲಿನಿಂದ. ಇಂತಹ ಪಂದ್ಯದಲ್ಲಿ ಗೆದ್ದವರಾರೆಂಬುದು ಯಾರಿಗೂ ಮುಖ್ಯವಲ್ಲ. ಆಟಗಾರನಲ್ಲಿ ಯಾವುದು ಕೊರತೆಯೋ ಅದನ್ನೇ ಹುಡುಕಿ ಬೆಳೆಸುವುದು ಇದರ ಗುರಿ. ಬಹುಮಾನಗಳನ್ನು ಎಣಿಸುವ ಶಿಕ್ಷಕನು ಬಲಗಾಲಿನ ಬಲವನ್ನು ಬಳಸಿಕೊಳ್ಳುತ್ತಾನೆ. ಹುಡುಗರನ್ನು ಎಣಿಸುವ ಶಿಕ್ಷಕನು ಎಡಗಾಲನ್ನು ಎಬ್ಬಿಸುತ್ತಾನೆ.

ಫಲವೇನಾಯಿತು? ಅವರು ತರಬೇತಿ ಕೊಟ್ಟ ಹೈದರಾಬಾದ್ ಸಿಟಿ ಪೊಲೀಸ್ ತಂಡವು ಮುಂಬಯಿಯ ರೋವರ್ಸ್ ಕಪ್ಪನ್ನು 1950ರಿಂದ 1954ರ ವರೆಗೆ ಐದು ವರ್ಷ ಎಡೆಬಿಡದೆ ಗೆದ್ದಿತು. ಆದರೆ ಬಹುಮಾನಗಳನ್ನು ಎಣಿಸಬಾರದೆಂದು ಹೇಳಿದ ನಾವೇ ಅದನ್ನು ಸಾಕ್ಷಿಯಾಗಿ ತರುವುದು ಸಲ್ಲದು. ಆದುದರಿಂದ ಒಬ್ಬ ಶಿಷ್ಯನನ್ನು ನೋಡೋಣ. ತುಳಸೀದಾಸ ಬಲರಾಮರು ಸಿಕಂದರಾಬಾದಿನ ಹೊರವಲಯದ ಅಮ್ಮುಗುಡದ ಬಡ ಮನೆತನದಲ್ಲಿ 1936ರಲ್ಲಿ ಹುಟ್ಟಿದವರು. ನಗರದ ಬಯಲಿಗೆ ಬಂದು ಹೋಗುವ ಖರ್ಚೂ ಆ ಮನೆಗೆ ಭಾರವಾಗಿದ್ದಿತು. ರಹೀಂ ಸಾಹೇಬರು ಆ ಹುಡುಗನಲ್ಲಿ ಇದ್ದುದನ್ನು ಕಂಡು, ಅಭ್ಯಾಸಕ್ಕೆ ಬರುವುದಕ್ಕೆ ಬೇಕಾದ ಅನುಕೂಲವನ್ನು ತಾವೇ ಒದಗಿಸಿಕೊಟ್ಟರು. ಇಪ್ಪತ್ತರ ವಯಸ್ಸಿನಲ್ಲಿ, 1956ರಲ್ಲಿ, ಬಲರಾಮರು ಮೆಲ್ಬರ್ನಿನ ಒಲಿಂಪಿಕ್ ತಂಡದಲ್ಲಿದ್ದರು. 1960ರಲ್ಲಿ ರೋಮಿನಲ್ಲಿ ಹಂಗೆರಿಯ ಮೇಲೆ ಒಂದು, ಪೆರುವಿನ ಮೇಲೆ ಒಂದು ಗೋಲು ಹೊಡೆದರು. 1962ರಲ್ಲಿ ಅರ್ಜುನ ಪ್ರಶಸ್ತಿಯನ್ನು ಪಡೆದರು. ಎಡಬದಿಯಲ್ಲಿಯೂ ನಡುವೆಯೂ ಸಮಾನ ನೈಪುಣ್ಯದಿಂದ ಆಡಬಲ್ಲವರೆಂದು ಹೆಸರಾದರು. ಅಮ್ಮುಗುಡದಿಂದ ರೋಮಿಗೆ ಎಷ್ಟು ದೂರವೋ ಅಷ್ಟು ಈ ಗುರುವಿನ ಅಳತೆ.

ಇಡೀ ತಂಡವನ್ನು ಅಳೆಯುವುದಕ್ಕೂ ಒಂದು ಒಳ್ಳೆಯ ಸಂದರ್ಭವು ದೊರೆತಿದೆ. 1952ರಲ್ಲಿ ಹೆಲ್ಸಿಂಕಿಯಲ್ಲಿ ರಹೀಂ ಸಾಹೇಬರ ತಂಡವು ಯುಗೊಸ್ಲಾವಿಯದ ಎದುರು ಹತ್ತು ಗೋಲು ತಿಂದು ಒಂದನ್ನು ಹೊಡೆಯಿತು. ಆ ಒಂದು ಗೋಲು ನಮ್ಮ ಬೆಂಗಳೂರಿನ ಅಹಮದ್ ಖಾನರದು. ನಮ್ಮ ಆಟಗಾರರಲ್ಲಿ ಹಲವರು ಆ ಚಳಿಯಲ್ಲಿ ಬರಿಗಾಲಿನಲ್ಲಿ ಆಡಿದ್ದರು. ನಾಲ್ಕು ವರ್ಷಗಳ ಅನಂತರ ಮೆಲ್ಬರ್ನಿನಲ್ಲಿ ನಮ್ಮವರು ಬೂಟು ತೊಟ್ಟು ಆಸ್ಟ್ರೇಲಿಯವನ್ನು ನಾಲ್ಕಕ್ಕೆ ಎರಡರಿಂದ ಸೋಲಿಸಿದರು; ನೆವಿಲ್ ಡಿಸೋಜರು ಮೂರು ಗೋಲು ಹೊಡೆದರು. ಉಪಾಂತ್ಯದಲ್ಲಿ ಮತ್ತೆ ಅದೇ ಯುಗೊಸ್ಲಾವಿಯ. ಈ ಸಲ ಮೊದಲ ಗೋಲು ನಮ್ಮವರದು; ಕಡೆಗೆ ನಾಲ್ಕಕ್ಕೆ ಒಂದರಿಂದ ಸೋತರು. ಕಂಚಿಗಾಗಿ ನಡೆದ ಪಂದ್ಯದಲ್ಲಿ ಬಲ್ಗೇರಿಯಕ್ಕೆ ಮಣಿದು ನಾಲ್ಕನೆಯ ಸ್ಥಾನದಲ್ಲಿ ನಿಂತರು. ಮೊದಲ ಸುತ್ತಿನಲ್ಲಿ ಹಂಗೆರಿಯು ಬಾರದೆ ಹೋದುದರಿಂದ ದಾರಿ ಸುಗಮವಾಯಿತೆಂಬುದನ್ನು ನಾವು ಮರೆಮಾಚುವುದಿಲ್ಲ. ಆದರೆ 1960ರಲ್ಲಿ ರೋಮಿನಲ್ಲಿ ಹಂಗೆರಿಯು ಬಂದಿತು. ಅದರ ಎದುರು ನಮ್ಮವರು ಸೋತುದು ಎರಡಕ್ಕೆ ಒಂದರ ಅಂತರದಿಂದ ಮಾತ್ರ. ಹತ್ತಕ್ಕೆ ಒಂದರಿಂದ ಎರಡಕ್ಕೆ ಒಂದರ ವರೆಗಿನ ಈ ಎಂಟು ವರ್ಷಗಳನ್ನು ಪದಕಗಳ ಪಟ್ಟಿಯಲ್ಲಿ ಹುಡುಕಿದರೆ ಸಿಕ್ಕುವುದಿಲ್ಲ. ಮೆಲ್ಬರ್ನಿನಲ್ಲಿಯೂ ರೋಮಿನಲ್ಲಿಯೂ ತಂಡದಲ್ಲಿದ್ದವರೊಳಗೆ ನಮ್ಮ ಮೈಸೂರು ಸೀಮೆಯ ಕೆಂಪಯ್ಯನವರೂ ಒಬ್ಬರೆಂಬುದು ಈ ಭಾಗದ ಜನರಿಗೆ ಅಭಿಮಾನದ ವಿಷಯ. ಹಾಫ್‌ಬ್ಯಾಕ್ ಸ್ಥಾನದಲ್ಲಿ ಆಡುವವನ ಕೆಲಸವು ಪತ್ರಿಕೆಗಳ ಶಿರೋನಾಮೆಗೆ ಬರುವಂತಹುದಲ್ಲ. ಆದರೆ ಹಿಂದಿನವರಿಂದ ಚೆಂಡನ್ನು ಪಡೆದು ಮುಂದಿನವರಿಗೆ ಒದಗಿಸುವವನು ಅವನೇ.

ಇಲ್ಲಿ ಒಂದು ಆಕ್ಷೇಪಣೆಯು ಬರುತ್ತದೆ, ಅದು ನ್ಯಾಯವಾದುದೇ. ಶಿಷ್ಯನ ಕೀರ್ತಿಯನ್ನೆಲ್ಲ ಗುರುವಿನ ಲೆಕ್ಕಕ್ಕೆ ಬರೆಯಬಹುದೇ? ಬರೆಯಬಾರದು. ಅಹಮದ್ ಖಾನರು ಬೆಂಗಳೂರಿನ ಬಯಲುಗಳಲ್ಲಿ ಪಳಗಿ, 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಆಡಿ ಬಂದವರು. ಅವರ ಆಟವು ರಹೀಂ ಸಾಹೇಬರ ಕೈಗೆ ಸಿದ್ಧವಾಗಿಯೇ ಬಂದಿತು. ಗೋಲ್‌ಕೀಪರ್ ಪೀಟರ್ ತಂಗರಾಜರು ಮೊದಲು ಮುಂಚೂಣಿಯಲ್ಲಿ ಆಡುತ್ತಿದ್ದು, ಸೈನ್ಯದ ಮದರಾಸು ರೆಜಿಮೆಂಟಿಗೆ ಸೇರಿದ ಮೇಲೆ ಗೋಲಿನ ಕಂಬಗಳ ನಡುವೆ ನೆಲೆಗೊಂಡರು; ಆ ಪರಿವರ್ತನೆಯ ಕೀರ್ತಿಯು ಸೈನ್ಯದವರದು. ಪಂಜಾಬಿನ ಜರ್ನೈಲ್ ಸಿಂಗರೂ ಬಲಿಷ್ಠ ಬ್ಯಾಕ್ ಎನ್ನಿಸಿಕೊಂಡೇ ಬಂದವರು. ಇವೆಲ್ಲವನ್ನೂ ಕಳೆದ ಮೇಲೆಯೂ ಏನು ಉಳಿಯುತ್ತದೆಯೋ ಅದೇ ಗುರುವಿನದು. ರಹೀಂ ಸಾಹೇಬರ ಲೆಕ್ಕದಲ್ಲಿ ಉಳಿಯುವುದು ಬಹಳವಿದೆ.

ಏಕೆಂದರೆ ಬೆಳೆದು ಬಂದವನಲ್ಲಿಯೂ ಅವನಿಗೇ ಕಾಣದ ಶಕ್ತಿಯನ್ನು ಕಾಣುವುದು ಗುರುವಿನ ಇನ್ನೊಂದು ಕೆಲಸ. 1962ರ ಜಕಾರ್ತದ ಏಷ್ಯನ್ ಕ್ರೀಡಾಕೂಟವೇ ಇದಕ್ಕೆ ನಿದರ್ಶನ. ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯದ ಎದುರು ಎರಡು ಗೋಲುಗಳ ಸೋಲು. ಥಾಯ್‌ಲೆಂಡಿನೊಡನೆ ಆಡುವಾಗ ಜರ್ನೈಲ್ ಸಿಂಗರ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ಹಿಂಬದಿಯನ್ನು ಕಾಯುವ ಇಂತಹ ಆಟಗಾರನನ್ನು ರಹೀಂ ಸಾಹೇಬರು ಸೆಂಟರ್ ಫಾರ್ವರ್ಡ್ ಸ್ಥಾನಕ್ಕೆ ತಂದು ನಿಲ್ಲಿಸಿದರು. ಉಪಾಂತ್ಯದಲ್ಲಿ ದಕ್ಷಿಣ ವಿಯೆಟ್ನಾಮಿನ ಮೇಲೆ ಅವರು ಒಂದು ಗೋಲು ಹೊಡೆದರು. ಸೆಪ್ಟೆಂಬರ್ 4ರ ಅಂತಿಮ ಪಂದ್ಯದಲ್ಲಿ, ರಾಜಕೀಯ ಕಾರಣಗಳಿಂದ ಜಕಾರ್ತದ ಜನಸಮೂಹವೆಲ್ಲ ನಮ್ಮವರಿಗೆ ವಿರೋಧವಾಗಿ ಗದ್ದಲವೆಬ್ಬಿಸುತ್ತಿರಲು, ಪಿ. ಕೆ. ಬ್ಯಾನರ್ಜಿಯವರು ಒಂದು, ಜರ್ನೈಲ್ ಸಿಂಗರು ಒಂದು ಗೋಲು ಹೊಡೆದು, ಮೊದಲು ಸೋಲಿಸಿದ್ದ ಅದೇ ಕೊರಿಯವನ್ನು ಎರಡಕ್ಕೆ ಒಂದರಿಂದ ಗೆದ್ದರು. ಚುನಿ ಗೋಸ್ವಾಮಿಯವರ ನಾಯಕತ್ವದ ಆ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಅವರೂ ಇದ್ದರು. 1951ರ ದೆಹಲಿಯ ಸ್ವರ್ಣಪದಕವು ರಹೀಂ ಸಾಹೇಬರ ಆರಂಭವಾದರೆ ಇದು ಮುಕ್ತಾಯವಾಯಿತು. ಆಗಲೇ ಕ್ಯಾನ್ಸರ್ ರೋಗವು ಅವರ ದೇಹವನ್ನು ಹಿಡಿದಿದ್ದಿತು. 1963ರ ಜೂನ್ 11ರಂದು, ಐವತ್ತನಾಲ್ಕು ತುಂಬುವ ಮೊದಲೇ, ಅವರು ತೀರಿಕೊಂಡರು.

ಗುರುವು ಹೋದ ಮೇಲೆ ನಡೆಯುವ ಪರೀಕ್ಷೆಯೇ ಎಲ್ಲಕ್ಕಿಂತ ಕಠಿನ. ಪಿ. ಕೆ. ಬ್ಯಾನರ್ಜಿಯವರು ಆಟವನ್ನು ಬಿಟ್ಟ ಮೇಲೆ ಕಲ್ಕತ್ತೆಯ ಈಸ್ಟ್ ಬೆಂಗಾಲ್, ಮೋಹನ್ ಬಗಾನ್ ತಂಡಗಳಿಗೆ ಪ್ರಸಿದ್ಧ ತರಬೇತುದಾರರಾದರು. ರಹೀಂ ಸಾಹೇಬರ ಮಗ ಸೈಯದ್ ಶಾಹಿದ್ ಹಕೀಮರು ರೋಮಿನ ಒಲಿಂಪಿಕ್ ತಂಡದಲ್ಲಿದ್ದು, ಮುಂದೆ ತರಬೇತುದಾರರೂ ಅಂತರರಾಷ್ಟ್ರೀಯ ರೆಫರಿಗಳೂ ಆಗಿ, 2021ರಲ್ಲಿ ನಮ್ಮ ಕಲಬುರಗಿಯಲ್ಲಿ ಕೊನೆಯುಸಿರೆಳೆದರು. ಶಿಷ್ಯರು ಗುರುಗಳಾದರೆಂಬುದು ರಹೀಂ ಸಾಹೇಬರ ಪರವಾಗಿ ನಿಲ್ಲುವ ಸಾಕ್ಷ್ಯ. ಆದರೆ 1960ರ ಅನಂತರ ಭಾರತದ ಫುಟ್‌ಬಾಲ್ ತಂಡವು ಒಲಿಂಪಿಕ್ ಕೂಟಕ್ಕೆ ಹೋಗಲಿಲ್ಲ. 1962ರ ಅನಂತರ ಏಷ್ಯನ್ ಕ್ರೀಡಾಕೂಟದ ಸ್ವರ್ಣವು ಬರಲಿಲ್ಲ. ಇದನ್ನು ಅವರ ಕೊರತೆಯೆಂದು ಹೇಳಬಹುದೇ? ನಮ್ಮ ಅಭಿಪ್ರಾಯದಲ್ಲಿ ಸಲ್ಲದು. ಒಬ್ಬ ಉಪಾಧ್ಯಾಯನ ಮೇಲೆ ದೇಶದ ಭಾರವನ್ನೆಲ್ಲ ಹೊರಿಸಿ, ಅವನು ತೀರಿಕೊಂಡ ಮೇಲೆ ಅವನಂತಹವರನ್ನು ಶಾಲೆಶಾಲೆಗಳಲ್ಲಿ ಬೆಳೆಸದೆ ಹೋದ ದೋಷವು ಸಮಾಜದ್ದು. ಕೆರೆ ಕಟ್ಟಿಸಿದವನು ಹೋದ ಮೇಲೆ ಹೂಳೆತ್ತುವುದು ಊರಿನವರ ಕೆಲಸ.

ಈ ಜೀವಿತವನ್ನು ಇಷ್ಟು ವಿಸ್ತಾರವಾಗಿ ಹೇಳಿದುದು ಕೇವಲ ಸ್ಮರಣೆಗಾಗಿ ಅಲ್ಲ. ನಮ್ಮ ಚಿಕ್ಕಬಳ್ಳಾಪುರವು 2007ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಜಿಲ್ಲೆಗೆ ತಕ್ಕ ಅಧಿಕಾರಿಗಳೂ ಶಾಲೆಗಳೂ ದೈಹಿಕ ಶಿಕ್ಷಣದ ಉಪಾಧ್ಯಾಯರೂ ಇದ್ದಾರೆ. ಬಹುಮಾನದಿಂದಲೇ ಶಿಕ್ಷಕನನ್ನು ಅಳೆದರೆ ಅವನು ಏನು ಮಾಡುವನೆಂಬುದನ್ನು ಊಹಿಸುವುದು ಕಷ್ಟವಲ್ಲ. ಮೈಕಟ್ಟು ಬೆಳೆದ ನಾಲ್ವರು ಹುಡುಗರನ್ನೇ ಎಲ್ಲ ಆಟಗಳಿಗೂ ಇಳಿಸುವನು. ಸಣಕಲ ಹುಡುಗನು ವರ್ಷವೆಲ್ಲ ಗೆರೆಯಾಚೆ ಕುಳಿತು ಚೆಂಡು ಹೆಕ್ಕಿಕೊಡುವನು. ಆ ಸಣಕಲ ಹುಡುಗನಲ್ಲಿ ಒಬ್ಬ ಬಲರಾಮನು ಇದ್ದರೆ ಅವನನ್ನು ಕಾಣುವವರಾರು?

ಆದುದರಿಂದ ವಿದ್ಯಾ ಇಲಾಖೆಯ ಅಧಿಕಾರಿಗಳಲ್ಲಿಯೂ ಶಾಲಾ ಸಮಿತಿಗಳ ಮಹನೀಯರಲ್ಲಿಯೂ ನಮ್ಮದೊಂದು ವಿಜ್ಞಾಪನೆ. ಪ್ರತಿಯೊಂದು ಶಾಲೆಯಲ್ಲಿಯೂ ಒಂದು ಪುಸ್ತಕವಿರಲಿ. ಆಟಕ್ಕೆ ಬಂದ ಪ್ರತಿಯೊಬ್ಬ ಹುಡುಗ ಹುಡುಗಿಯ ಹೆಸರಿನ ಮುಂದೆ, ಬಂದ ವರ್ಷ ಏನು ಬರುತ್ತಿದ್ದಿತು, ಯಾವ ಸ್ಥಾನದಲ್ಲಿ ನಿಲ್ಲಿಸಲಾಯಿತು, ಶಾಲೆ ಬಿಡುವಾಗ ಏನು ಬರುತ್ತಿದ್ದಿತು, ಬಿಟ್ಟ ಮೇಲೆ ಆಟವನ್ನು ಮುಂದುವರಿಸಿದರೇ ಎಂಬ ನಾಲ್ಕು ಸಾಲು ಬರೆದಿಡಲಿ. ಇದಕ್ಕೆ ಸರ್ಕಾರದ ಮಂಜೂರಾತಿಯೂ ಬೇಡ, ಹಣವೂ ಬೇಡ. ತಪಾಸಣೆಗೆ ಬಂದ ಅಧಿಕಾರಿಗಳು ಬಹುಮಾನಗಳ ಗಾಜಿನ ಬೀರುವನ್ನು ನೋಡುವ ಮೊದಲು ಆ ಪುಸ್ತಕವನ್ನು ತರಿಸಿ ನೋಡಲಿ. ಯಾವ ಶಿಕ್ಷಕನ ಪುಸ್ತಕದಲ್ಲಿ ಹಿಂದೆ ಬಿದ್ದವರು ಮುಂದೆ ಬಂದಿರುವರೋ ಅವನು ಒಂದು ಬಹುಮಾನವನ್ನೂ ತರದಿದ್ದರೂ ಮಾನ್ಯನು. ಅಂತಹವನನ್ನು ಗುರುತಿಸಿ ಗೌರವಿಸುವುದೇ ರಹೀಂ ಸಾಹೇಬರಿಗೆ ನಾವು ಸಲ್ಲಿಸಬಹುದಾದ ಗೌರವ.